ಸುತ್ತಿಗೆಯಿಂದ ಕೂರಿಸಿದ ಬೇರಿಂಗ್ ಬಾಳುವುದಿಲ್ಲ

ಮುಂದಿನ ಚಕ್ರದ ಬೇರಿಂಗ್ ಬಗ್ಗೆ ಬರುವ ಪತ್ರಗಳಲ್ಲಿ ಅವವೇ ಪ್ರಶ್ನೆಗಳು ತಿರುತಿರುಗಿ ಬರುತ್ತಿವೆ. ಜಾಕ್ ಎಲ್ಲಿ ಕೊಡಬೇಕು, ಕಾರಿನಡಿ ಸ್ಟ್ಯಾಂಡ್ ಯಾಕೆ ಇಡಬೇಕು ಎಂದು ಇಲ್ಲಿ ಹೇಳಿಕೊಡುವುದಿಲ್ಲ. ಅಷ್ಟು ಗೊತ್ತಿಲ್ಲದವರು ಈ ಕೆಲಸಕ್ಕೆ ಕೈ ಹಾಕಲೇಬಾರದು.

ಎಡಗಡೆಯ ಮುಂದಿನ ಬೇರಿಂಗನ್ನು ಮನೆಯಲ್ಲೇ ಬದಲಿಸಿದೆ. ಒಳ್ಳೆಯ ಕಂಪನಿಯದ್ದೇ ತಂದಿದ್ದೆ. ಸ್ವಲ್ಪ ದಿನ ಸುಮ್ಮನಿದ್ದು ಈಗ ಮತ್ತೆ ಗುಂಯ್ ಎನ್ನುತ್ತಿದೆ. ನಕಲಿ ಮಾಲು ಸಿಕ್ಕಿರಬಹುದೇ?

ಇರಬಹುದು. ಆದರೆ ಅಂಗಡಿಯವನನ್ನು ಬೈಯುವ ಮೊದಲು ಒಂದು ಮಾತು: ಬೇರಿಂಗನ್ನು ಹೇಗೆ ಕೂರಿಸಿದಿರಿ? ನಿಮ್ಮ ಉದ್ದನೆಯ ಪತ್ರದಲ್ಲಿ ಸುತ್ತಿಗೆ ಮೂರು ಕಡೆ ಬಂದಿದೆ, ಪ್ರೆಸ್ (ಒತ್ತಿ ಕೂರಿಸುವ ಯಂತ್ರ) ಒಂದು ಕಡೆಯೂ ಇಲ್ಲ.

ಬೇರಿಂಗಿಗೆ ಹೊರಗೊಂದು ಬಳೆ, ಒಳಗೊಂದು ಬಳೆ, ನಡುವೆ ಗುಂಡುಗಳು. ಸ್ಟೀರಿಂಗ್ ನಕಲ್‌ಗೆ, ಅಂದರೆ ಬೇರಿಂಗನ್ನು ಹಿಡಿದಿಡುವ ಲೋಹದ ಭಾಗಕ್ಕೆ, ಕೂರಿಸುವಾಗ ಒತ್ತಡ ಹೊರಬಳೆಯ ಮೇಲಷ್ಟೇ ಬೀಳಬೇಕು. ಆಮೇಲೆ ಹಬ್ (ಚಕ್ರವನ್ನು ಬಿಗಿಯುವ ಭಾಗ) ಒತ್ತುವಾಗ ಒಳಬಳೆಗೆ ಹಿಂದಿನಿಂದ ಆಸರೆ ಇರಲೇಬೇಕು. ಇದು ತಪ್ಪಿದರೆ ಅಷ್ಟೂ ಬಲ ಗುಂಡುಗಳ ಮೂಲಕ ಹಾದು, ಅವು ಉರುಳುವ ದಾರಿಯಲ್ಲಿ ಸಣ್ಣ ಸಣ್ಣ ತಗ್ಗು ಬೀಳುತ್ತವೆ. ಕಣ್ಣಿಗೆ ಕಾಣುವುದಿಲ್ಲ. ಕೈಯಲ್ಲಿ ತಿರುಗಿಸಿದರೂ ನುಣ್ಣಗೆ ತಿರುಗೀತು. ಕಾರಿನ ಭಾರ ಹೊತ್ತು ಓಡತೊಡಗಿದ ಮೇಲೆ ಆ ತಗ್ಗುಗಳ ಅಂಚು ಕಿತ್ತು ಬರುತ್ತದೆ, ಸದ್ದು ಶುರುವಾಗುತ್ತದೆ. ಮರದ ತುಂಡು ಅಡ್ಡ ಇಟ್ಟು ಹೊಡೆದರೆ ಏನೂ ಆಗದು ಎನ್ನುವ 'ಉಸ್ತಾದ್'ಗಳ ಮಾತು ಕೇಳಬೇಡಿ. ಮರ ಬಳೆಯ ಅಂಚನ್ನು ಉಳಿಸೀತು, ಒಳಗಿನ ದಾರಿಯನ್ನಲ್ಲ.

ಹಳೆಯದನ್ನು ತೆಗೆಯುವಾಗ ಒಳಬಳೆಯ ಅರ್ಧ ಹಬ್ಬಿಗೇ ಅಂಟಿಕೊಂಡು ಬರುವುದು ಸಾಮಾನ್ಯ. ಪುಲ್ಲರ್ (ಎಳೆದು ತೆಗೆಯುವ ಸಾಧನ) ಹಾಕಿ ತೆಗೆಯಿರಿ. ಗ್ರೈಂಡರ್ ಹಿಡಿದು ಹಬ್ಬಿನ ಮೈಗೆ ಗೀರು ಬಿದ್ದಿದ್ದರೆ, ಅಥವಾ ಬಳೆ ಅದರ ಮೇಲೆ ಜಾರಿ ತಿರುಗಿದ ಗುರುತಿದ್ದರೆ, ಹಬ್ ಕೂಡ ಹೊಸದು ಬೇಕು. ಸರ್ಕ್ಲಿಪ್ (ಬೇರಿಂಗ್ ಜರುಗದಂತೆ ತಡೆಯುವ ಸ್ಪ್ರಿಂಗ್ ಬಳೆ) ತನ್ನ ತೋಡಿನಲ್ಲಿ ಸುತ್ತಲೂ ಕೂತಿದೆಯೇ ನೋಡಿ. ಎಬಿಎಸ್‌ಗಾಗಿ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಸೀಲ್‌ನಲ್ಲೇ ಮ್ಯಾಗ್ನೆಟ್ ಇರುವ ಬೇರಿಂಗ್ ಆದರೆ ಆ ಬದಿ ಸೆನ್ಸರ್ ಕಡೆಗೇ ಇರಬೇಕು. ಉಲ್ಟಾ ಆದರೆ ಎಬಿಎಸ್ ದೀಪ ಹತ್ತುತ್ತದೆ, ಮತ್ತೆ ಬಿಚ್ಚಿದರೆ ಆ ಬೇರಿಂಗ್ ಕೆಲಸಕ್ಕೆ ಬಾರದು.

ಕೊನೆಗೆ ಆಕ್ಸಲ್ ನಟ್. ಬೇರಿಂಗಿನ ಒಳಬಳೆಯ ಎರಡು ಅರ್ಧಗಳನ್ನು ಒತ್ತಿ ಹಿಡಿಯುವುದೇ ಈ ನಟ್. ಹೊಸದನ್ನೇ ಹಾಕಿ, ಟಾರ್ಕ್ ರೆಂಚ್‌ನಿಂದಲೇ ಬಿಗಿಯಿರಿ. ಅನೇಕ ಕಾರುಗಳಲ್ಲಿ 200 ನ್ಯೂಟನ್ ಮೀಟರ್ ಆಸುಪಾಸು, ಕೆಲವದರಲ್ಲಿ ಅದಕ್ಕೂ ಜಾಸ್ತಿ. ನಿಮ್ಮದರ ಅಳತೆಯನ್ನು ಮ್ಯಾನುಯಲ್‌ನಲ್ಲಿ ನೋಡಿ, ಅಂದಾಜು ಬೇಡ. ಚಕ್ರ ಮೇಲಿದ್ದಾಗಲೇ ಒಬ್ಬರು ಬ್ರೇಕ್ ತುಳಿದು ಹಿಡಿಯಲಿ, ಇನ್ನೊಬ್ಬರು ಬಿಗಿಯಲಿ. ನಟ್ ಬಿಗಿಯಾಗುವ ಮುನ್ನ ಕಾರನ್ನು ಇಳಿಸಿ ಒಂದು ಗೇಣು ತಳ್ಳಿದರೂ ಹೊಸ ಬೇರಿಂಗಿಗೆ ಪೆಟ್ಟು.

ಬೋಲ್ಟ್ ಹಾಕಿ ಕೂರಿಸುವ ಹಬ್ ಇರುವ ಕಾರಾದರೆ ಮನೆಯಲ್ಲೇ ಮಾಡಿ, ನನ್ನ ಅಡ್ಡಿಯಿಲ್ಲ. ಒತ್ತಿ ಕೂರಿಸುವ ಬೇರಿಂಗ್ ಆದರೆ ನಕಲ್ ಬಿಚ್ಚಿಕೊಂಡು ಪ್ರೆಸ್ ಇರುವ ವರ್ಕ್‌ಶಾಪಿಗೆ ಒಯ್ಯಿರಿ, ಎದುರಿಗೇ ನಿಂತು ಒತ್ತಿಸಿ. ವಾಪಸ್ ಜೋಡಿಸಿದ ಮೇಲೆ ಅಲೈನ್‌ಮೆಂಟ್ ನೋಡಿಸಿ.

ಸದ್ದು ಟೈರಿನದೋ ಬೇರಿಂಗಿನದೋ?

ರಸ್ತೆಯ ಮೈ ಬದಲಾದ ಹಾಗೆ ಸದ್ದೂ ಬದಲಾದರೆ ಮೊದಲು ಟೈರ್ ಮೇಲೆ ಅನುಮಾನಪಡಿ. ಖಾಲಿ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತ ಮೆಲ್ಲಗೆ ಎಡಕ್ಕೆ, ಬಲಕ್ಕೆ ವಾಲಿಸಿ. ಬಲಕ್ಕೆ ತಿರುಗಿಸಿದಾಗ ಭಾರ ಎಡಚಕ್ರದ ಮೇಲೆ ಬೀಳುತ್ತದೆ. ಆಗ ಸದ್ದು ಜೋರಾದರೆ ಸಾಮಾನ್ಯವಾಗಿ ಎಡಗಡೆಯದೇ ಹೋಗಿರುತ್ತದೆ. ಖಾತ್ರಿಗೆ ಚಕ್ರ ಎತ್ತಿ, ಕಾಯಿಲ್ ಸ್ಪ್ರಿಂಗ್ ಮೇಲೆ ಕೈಯಿಟ್ಟು, ಇನ್ನೊಂದು ಕೈಯಿಂದ ಚಕ್ರ ತಿರುಗಿಸಿ. ಕೆಟ್ಟ ಬೇರಿಂಗಿನ ಗರಗರ ಅಂಗೈಗೆ ತಿಳಿಯುತ್ತದೆ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಪ್ಲೇ (ಸಡಿಲ) ಸಿಕ್ಕರೆ ಯಾರಾದರೂ ಬ್ರೇಕ್ ತುಳಿಯಲಿ: ಪ್ಲೇ ಮಾಯವಾದರೆ ಬೇರಿಂಗ್, ಉಳಿದರೆ ಬಾಲ್ ಜಾಯಿಂಟ್ (ನಕಲ್ ಅನ್ನು ಸಸ್ಪೆನ್ಷನ್‌ಗೆ ಜೋಡಿಸುವ ಕೀಲು) ಕಡೆ ನೋಡಿ. ಪ್ಲೇ ಇಲ್ಲವೆಂದು ಬೇರಿಂಗ್ ಚೆನ್ನಾಗಿದೆ ಎನ್ನಬೇಡಿ. ಸದ್ದು ಮೊದಲು ಬರುತ್ತದೆ, ಪ್ಲೇ ಎಷ್ಟೋ ಆಮೇಲೆ.

ಸಿರಿಂಜಿನಿಂದ ಸೀಲ್ ಒಳಗೆ ಗ್ರೀಸ್ ತುಂಬಿದರೆ ಸದ್ದು ನಿಲ್ಲುತ್ತದಂತೆ, ನಿಜವೇ?

ಸುಳ್ಳು. ಸೀಲ್ ತೂತಾಗುತ್ತದೆ, ನೀರು ಒಳಗೆ ಹೋಗುತ್ತದೆ. ಹೇಳಿದವರ ಹತ್ತಿರ ಕಾರು ಬಿಡಬೇಡಿ.

ಒಂದು ಹೋದರೆ ಎರಡೂ ಬದಿ ಬದಲಿಸಬೇಕೇ?

ಬೇಡ. ಹೋದದ್ದನ್ನಷ್ಟೇ ಬದಲಿಸಿ.

ಸದ್ದು ಇದ್ದರೂ ಇನ್ನೂ ಎಷ್ಟು ಕಿಲೋಮೀಟರ್ ಓಡಿಸಬಹುದು?

ಈ ಪ್ರಶ್ನೆಗೆ ನಾನು ಅಂಕಿ ಕೊಡುವುದಿಲ್ಲ. ಪ್ಲೇ ಬಂದಿದ್ದರೆ ಕಾರನ್ನು ಇವತ್ತೇ ನಿಲ್ಲಿಸಿ.