ಮೋಟಾರ್ ಆಮೇಲೆ ನೋಡೋಣ, ಮೊದಲು ಭಾರ ಕೆಳಗಿಳಿಸಿ

ನಿಗಡಿಯ ಸರ್, ನಿಮ್ಮ ಪ್ರಶ್ನೆ ಓದಿದೆ. ಬೇರೆಯವರಿಂದ ಟ್ರಾಕ್ಸಸ್ ಟಿಆರ್‌ಎಕ್ಸ್-4, ಅಂದರೆ ರಿಮೋಟ್‌ನಲ್ಲಿ ಓಡಿಸುವ, ಕಲ್ಲು ಹತ್ತುವ ಚಿಕ್ಕ ಕ್ರಾಲರ್ ಗಾಡಿ, ಕೊಂಡು ಒಂದು ತಿಂಗಳಾಗಿದೆ. ಪುಣೆಯ ವೇತಾಳ ಟೇಕಡಿ ಗುಡ್ಡದ ಕಲ್ಲು ಹತ್ತುವಾಗ ಮುಂದಿನ ಚಕ್ರ ಎದ್ದು ಗಾಡಿ ಹಿಂದಕ್ಕೆ ಮಗುಚುತ್ತದೆ. ಚಕ್ರ ಕಲ್ಲಿಗೆ ಒತ್ತಿ ನಿಂತರೆ ಸ್ಟೀರಿಂಗ್ ತಿರುಗುವುದಿಲ್ಲ. ಹದಿನೈದು ನಿಮಿಷಕ್ಕೆ ಮೋಟಾರ್ ಮುಟ್ಟಲಾರದಷ್ಟು ಬಿಸಿ. ಹಿಂದಿನ ಎಡ ಚಕ್ರದಿಂದ ಕಿರ್ ಕಿರ್ ಸದ್ದು. ಕೈಯಲ್ಲಿ ಎಂಟು ಸಾವಿರ ಇದೆ, ಬ್ರಶ್‌ಲೆಸ್ (ಬ್ರಶ್ ಇಲ್ಲದ, ಜೋರಿನ) ಮೋಟಾರ್ ಹಾಕಿಸಲಾ ಅಂತ ಕೇಳಿದ್ದೀರಿ.

ಈಗಲೇ ಬೇಡ. ನೀವು ಹೇಳಿದ ನಾಲ್ಕು ತೊಂದರೆಗಳಲ್ಲಿ ಒಂದೂ ಮೋಟಾರ್ ಸಾಲದ್ದರಿಂದ ಬಂದದ್ದಲ್ಲ. ಈಗ ಜೋರಿನ ಮೋಟಾರ್ ಹಾಕಿದರೆ ಗಾಡಿ ಇನ್ನೂ ಬೇಗ ಮಗುಚುತ್ತದೆ, ಆಕ್ಸಲ್ ಒಳಗಿನ ಗೇರಿಗೂ ಪೆಟ್ಟು ಜಾಸ್ತಿ. ನಾನು ಒಂಬತ್ತು ವರ್ಷದಿಂದ ಕ್ರಾಲರ್ ಓಡಿಸುತ್ತಿದ್ದೇನೆ, ಭೋಸರಿಯಲ್ಲಿ ಲೇತ್ ಕೆಲಸ ಮಾಡುತ್ತೇನೆ. ನನ್ನ ಗಾಡಿಯೂ ಟಿಆರ್‌ಎಕ್ಸ್-4, ಅದರಲ್ಲಿ ಇವತ್ತಿಗೂ ಬ್ರಶ್ ಮೋಟಾರೇ ಇದೆ.

ದುಡ್ಡು ಖರ್ಚಿಲ್ಲದ ಕೆಲಸದಿಂದ ಶುರು ಮಾಡಿ. ನಿಮ್ಮದು ಎರಡು ಸ್ಪೀಡಿನ ಮಾದರಿಯಾದರೆ ಗಾಡಿ ಯಾವ ಗೇರಿನಲ್ಲಿದೆ ನೋಡಿ. ನಿಮಗೆ ಮಾರಿದ ಹಳಬರು ಹೈ ಗೇರಿನಲ್ಲೇ ಬಿಟ್ಟಿರಬಹುದು. ರಿಮೋಟ್‌ನಲ್ಲಿ ಲೋ ಅಂತ ತೋರಿಸಿದರೂ ಗೇರ್ ಬದಲಿಸುವ ಚಿಕ್ಕ ಸರ್ವೋ (ರಿಮೋಟ್ ಹೇಳಿದಷ್ಟೇ ತಿರುಗುವ ಪುಟ್ಟ ಮೋಟಾರ್) ಅರ್ಧಕ್ಕೇ ನಿಂತಿರುವುದುಂಟು. ಬಾಡಿ ತೆಗೆದು ಕಣ್ಣಿಂದ ನೋಡಿ. ಹೈ ಗೇರಿನಲ್ಲಿ ಕಲ್ಲು ಹತ್ತಿಸಿದರೆ ಮೋಟಾರ್ ನಿಧಾನಕ್ಕೆ ತಿರುಗುತ್ತಾ ಕರೆಂಟ್ ಸಿಕ್ಕಾಪಟ್ಟೆ ಎಳೆಯುತ್ತದೆ. ಬಿಸಿಗೆ ಮೊದಲ ಕಾರಣ ಅದೇ. ಜೊತೆಗೆ ಮೋಟಾರಿನ ವೇಗ ನಿಯಂತ್ರಿಸುವ ಪೆಟ್ಟಿಗೆಯನ್ನು, ಅಂದರೆ ಇಎಸ್‌ಸಿಯನ್ನು, ಕ್ರಾಲ್ ಮೋಡಿಗೆ ಹಾಕಿ. ಟ್ರಿಗರ್ ಬಿಟ್ಟ ಕೂಡಲೇ ಗಾಡಿ ಇಳಿಜಾರಿನಲ್ಲೂ ಅಲ್ಲೇ ಹಿಡಿದು ನಿಲ್ಲುತ್ತದೆ. ಈ ಹಿಡಿತ ಇಲ್ಲದೆ ಕಲ್ಲಿನ ಮೇಲೆ ಏನೂ ಮಾಡಲಾಗದು. ಎಡ ಬಲ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಡಿಫ್ ಲಾಕ್‌ನ ಕೇಬಲ್‌ಗಳನ್ನೂ ಎಳೆದು ನೋಡಿ. ಕೆಸರು ಒಣಗಿ ಅಂಟಿಕೊಂಡರೆ ಬಟನ್ ಒತ್ತಿದರೂ ಲಾಕ್ ಆಗುವುದಿಲ್ಲ. ಆಗ ಗಾಳಿಯಲ್ಲಿರುವ ಚಕ್ರ ಸುಮ್ನೆ ತಿರುಗುತ್ತದೆ, ಕಲ್ಲಿನ ಮೇಲಿರುವುದು ನಿಂತೇ ಇರುತ್ತದೆ.

ಈಗ ಮಗುಚುವ ವಿಷಯ. ನೀವು ಹಾಕಿದ ಫೋಟೋದಲ್ಲಿ ಮೇಲೆ ಕಬ್ಬಿಣದ ಕ್ಯಾರಿಯರ್ ಇದೆ, ಅದರಲ್ಲಿ ಎರಡು ಡಬ್ಬಿ, ಹಿಂದಿನ ಬಾಗಿಲಿಗೆ ಸ್ಟೆಪ್ನಿ. ನೋಡಲು ಚೆಂದ, ನಿಜ. ಆದರೆ ನಮ್ಮೂರ ಕಡೆ ಚಕ್ಕಡಿಗೆ ಹೇರು ಹಾಕುವವರನ್ನು ನೆನಪಿಸಿಕೊಳ್ಳಿ. ಹಿಂದೆ ಭಾರ ಜಾಸ್ತಿಯಾದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕೊರಳು ಬಿಗಿಯುತ್ತದೆ. ಅದಕ್ಕೇ ಹೇರುವಾಗ ಮುಂದಕ್ಕೊಂದು ಚೀಲ, ಹಿಂದಕ್ಕೊಂದು ಚೀಲ ಅಂತ ನೋಡಿ ನೋಡಿ ಇಡುತ್ತಾರೆ. ನಿಮ್ಮ ಗಾಡಿಯದೂ ಅದೇ ಕತೆ. ಏರು ಹತ್ತುವಾಗ ಭಾರವೆಲ್ಲ ತಾನಾಗಿಯೇ ಹಿಂದಿನ ಆಕ್ಸಲ್ ಮೇಲೆ ಬೀಳುತ್ತದೆ. ಮೊದಲೇ ಹಿಂದೆ ಭಾರ ಇದ್ದರೆ ಮುಂದಿನ ಚಕ್ರಕ್ಕೆ ಕಲ್ಲು ಹಿಡಿಯಲು ಏನೂ ಉಳಿಯುವುದಿಲ್ಲ.

ಅಂದಾಜು ಬೇಡ, ಅಳೆದು ನೋಡಿ. ಅಡುಗೆಮನೆಯ ತಕ್ಕಡಿ ಮೇಲೆ ಒಂದು ಸಣ್ಣ ಹಲಗೆ ಇಟ್ಟು ಸೊನ್ನೆ ಮಾಡಿ. ಮುಂದಿನ ಎರಡು ಚಕ್ರ ಆ ಹಲಗೆ ಮೇಲೆ, ಹಿಂದಿನ ಎರಡು ಅಷ್ಟೇ ಎತ್ತರದ ಪುಸ್ತಕದ ಮೇಲೆ. ಗಾಡಿ ಸಮತಟ್ಟಾಗಿರಬೇಕು, ಬ್ಯಾಟರಿ ಒಳಗಿರಬೇಕು. ಬಂದ ಅಂಕಿ ಬರೆದುಕೊಂಡು ಹಿಂದು ಮುಂದು ಮಾಡಿ ಮತ್ತೆ ತೂಗಿ. ನನ್ನ ಗಾಡಿ ಮೊದಲು ಮುಂದೆ 1,620 ಗ್ರಾಂ, ಹಿಂದೆ 1,540 ಗ್ರಾಂ ಇತ್ತು. ಕ್ಯಾರಿಯರ್ ಮತ್ತು ಸ್ಟೆಪ್ನಿ ತೆಗೆದು, ಮುಂದಿನ ಆಕ್ಸಲ್‌ನ ತುದಿಗಳಿಗೆ ಹಿತ್ತಾಳೆ ಹಾಕಿ, ಮುಂದಿನ ಚಕ್ರಗಳ ಒಳಗೆ ಸ್ವಲ್ಪ ತೂಕ ಅಂಟಿಸಿದ ಮೇಲೆ 1,890 ಮತ್ತು 1,310 ಆಯಿತು. ಅಂದರೆ ನೂರಕ್ಕೆ 59 ಭಾಗ ಮುಂದೆ. 55ರಿಂದ 60ರ ನಡುವೆ ತಂದರೆ ಸಾಕು. ಅದಕ್ಕಿಂತ ಜಾಸ್ತಿ ಮಾಡಿದರೆ ಇಳಿಜಾರಿನಲ್ಲಿ ಮುಂದಕ್ಕೆ ಪಲ್ಟಿ ಹೊಡೆಯುತ್ತದೆ.

ಅಡ್ಡ ಮಗುಚುವುದಕ್ಕೂ ಒಂದು ಪರೀಕ್ಷೆ ಇದೆ. ಮೂರಡಿ ಹಲಗೆಗೆ ಸ್ಯಾಂಡ್‌ಪೇಪರ್ ಅಂಟಿಸಿ, ಗಾಡಿಯನ್ನು ಅಡ್ಡಲಾಗಿ ನಿಲ್ಲಿಸಿ, ಒಂದು ತುದಿಯನ್ನು ನಿಧಾನಕ್ಕೆ ಎತ್ತುತ್ತಾ ಹೋಗಿ. ಮೇಲಿನ ಚಕ್ರ ಏಳುವ ಹೊತ್ತಿಗೆ ಹಲಗೆಯ ಕೋನವನ್ನು ಮೊಬೈಲಿನಲ್ಲಿ ನೋಡಿ. ನನ್ನದು 38 ಡಿಗ್ರಿಗೆ ಏಳುತ್ತಿತ್ತು. ಮೇಲಿನ ಭಾರ ಇಳಿಸಿ, ಕೆಳಗೆ ಹಿತ್ತಾಳೆ ಹಾಕಿದ ಮೇಲೆ 47ರವರೆಗೆ ತಡೆಯಿತು. ಆ ಒಂಬತ್ತು ಡಿಗ್ರಿ ಟೇಕಡಿ ಮೇಲೆ ಎಷ್ಟು ದೊಡ್ಡದು ಅಂತ ಓಡಿಸಿದಾಗಲೇ ಗೊತ್ತಾಗುವುದು.

ಹಿತ್ತಾಳೆಯೇ ಯಾಕೆ ಅಂದರೆ ಅದೇ ಅಳತೆಯ ಅಲ್ಯುಮಿನಿಯಂಗಿಂತ ಮೂರು ಪಟ್ಟು ತೂಕ. ಅಲ್ಯುಮಿನಿಯಂ ಬಿಡಿಭಾಗ ಹೊಳೆಯುತ್ತದೆ, ಆದರೆ ಭಾರದ ಕೆಲಸಕ್ಕೆ ಉಪಯೋಗವಿಲ್ಲ. ಜೀಪು ಕಾರುಗಳಲ್ಲಿ ಚಕ್ರದ ಬಳಿ ತೂಕ ಹೆಚ್ಚಿಸಬಾರದು ಅನ್ನುತ್ತಾರಲ್ವಾ, ಅದು ವೇಗದ ಗಾಡಿಗೆ. ನಮ್ಮದು ನಡೆಯುವ ವೇಗಕ್ಕಿಂತ ನಿಧಾನ. ಸ್ಪ್ರಿಂಗ್ ಕೆಳಗಿನ ತೂಕ ಇಲ್ಲಿ ಲಾಭವೇ. ಮುಂದಿನ ಪೋರ್ಟಲ್ ಕವರ್ (ಆಕ್ಸಲ್ ತುದಿಯ ಗೇರುಗಳ ಮುಚ್ಚಳ) ಎರಡು ಹಿತ್ತಾಳೆಯವು ಸಾಕು, ಹಿಂದಕ್ಕೆ ಬೇಡ. ಚಕ್ರದ ಒಳಗಿನ ತೂಕಕ್ಕೆ ದುಬಾರಿ ಸಾಮಾನು ತರಿಸಬೇಡಿ. ಕಾರಿನ ಅಲಾಯ್ ಚಕ್ರಕ್ಕೆ ಬ್ಯಾಲೆನ್ಸಿಂಗ್ ಮಾಡುವ ಟೈರ್ ಅಂಗಡಿಯಲ್ಲಿ 5 ಗ್ರಾಂ, 10 ಗ್ರಾಂ ತುಂಡುಗಳ ಅಂಟುವ ಪಟ್ಟಿ ಸಿಗುತ್ತದೆ. ರಿಮ್ಮಿನ ಒಳಸುತ್ತನ್ನು ಸ್ಪಿರಿಟ್‌ನಿಂದ ಒರೆಸಿ, ಸುತ್ತಲೂ ಸಮನಾಗಿ ಅಂಟಿಸಿ, ಮೇಲೊಂದು ಸುತ್ತು ಟೇಪ್ ಹಾಕಿ. ಒಂದು ಚಕ್ರಕ್ಕೆ 60 ಗ್ರಾಂ ಸಾಕು. ಸೀಸದ ಪಟ್ಟಿಯಾದರೆ ಕೈ ಚೆನ್ನಾಗಿ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ.

ಚಕ್ರ ಬಿಚ್ಚಿದಾಗ ಟೈರನ್ನೂ ನೋಡಿಬಿಡಿ. ಹೆಬ್ಬೆರಳಿನಿಂದ ಒತ್ತಿ. ರಬ್ಬರ್ ಗಟ್ಟಿಯಾಗಿ ಹೊಳಪು ಬಂದಿದ್ದರೆ ಅದರ ಹಿಡಿತ ಮುಗಿದಿದೆ. ಪುಣೆಯ ಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾದ ಕರಿಕಲ್ಲು. ಕೆಲವು ಕಡೆ ಅದರ ತುಂಬ ಸಣ್ಣ ಸಣ್ಣ ತೂತು. ಒಣಗಿದ್ದಾಗ ಅದು ಅರದ ಹಾಗೆ ಹಿಡಿಯುತ್ತದೆ, ಮೆತ್ತನೆ ಟೈರ್ ಇದ್ದರೆ ಗೋಡೆಯಂಥ ಕಲ್ಲನ್ನೂ ಹತ್ತಬಹುದು. ಅದೇ ಕಲ್ಲು ಟೈರನ್ನು ಬೇಗ ಸವೆಸುತ್ತದೆ ಕೂಡ. ಒಳಗಿನ ಸ್ಪಂಜು ಗಟ್ಟಿಯಾಗಿದ್ದರೆ ಹೊಸ ಟೈರ್ ಕೊಳ್ಳುವ ಮೊದಲು ಒಂದು ಉಪಾಯ ಮಾಡಿ. ಸ್ಪಂಜಿನ ಹೊರಸುತ್ತಿನಲ್ಲಿ ಎರಡು ಬೆರಳಿಗೊಂದರಂತೆ ಸಣ್ಣ ತ್ರಿಕೋನ ಕತ್ತರಿಸಿ ತೆಗೆಯಿರಿ. ಟೈರ್ ಕಲ್ಲಿನ ಮೂಲೆಗೆ ಒತ್ತಿದಾಗ ರೊಟ್ಟಿ ಹಿಟ್ಟಿನ ಹಾಗೆ ಅಪ್ಪಿಕೊಳ್ಳಬೇಕು. ನಿಮ್ಮದು ಸ್ಕ್ರೂ ಹಾಕಿ ಬಿಗಿಯುವ ಬೀಡ್‌ಲಾಕ್ ರಿಮ್ ಆದರೆ ಬಿಚ್ಚುವುದು ಸುಲಭ. ಅಂಟು ಹಾಕಿದ್ದರೆ ಬಿಚ್ಚುವುದಕ್ಕಿಂತ ಹೊಸ ರಿಮ್ ಕೊಳ್ಳುವುದೇ ವಾಸಿ.

ಸ್ಟೀರಿಂಗಿಗೆ ಮಾತ್ರ ನಿಜವಾಗಿ ದುಡ್ಡು ಹಾಕಿ. ಲಾಕ್ ಆದ ಆಕ್ಸಲ್, ಭಾರದ ಚಕ್ರ, ಮೆತ್ತನೆ ಟೈರ್ ಇವನ್ನೆಲ್ಲ ತಿರುಗಿಸಲು ಲೋಹದ ಗೇರಿನ, ನೀರು ತಡೆಯುವ, 25 ಕೆಜಿ ಬಲದ ಸರ್ವೋ ಬೇಕು. ಸರ್ವೋದ ಹಾರ್ನ್ (ಅದರ ತುದಿಗೆ ಸಿಕ್ಕಿಸುವ ತೋಳು) ಕೂಡ ಲೋಹದ್ದೇ ಇರಲಿ, ಹಲ್ಲು ಎಣಿಸಿ ತನ್ನಿ, 25 ಹಲ್ಲಿನದು ಸಾಮಾನ್ಯ. ಇನ್ನೊಂದು ಮಾತು. ದೊಡ್ಡ ಸರ್ವೋ ಒತ್ತಿದಾಗ ಕರೆಂಟ್ ಜಾಸ್ತಿ ಎಳೆಯುತ್ತದೆ. ಸರ್ವೋ ಮತ್ತು ರಿಸೀವರ್‌ಗೆ ಕರೆಂಟ್ ಕೊಡುವ, ಇಎಸ್‌ಸಿಯೊಳಗಿನ ಬಿಇಸಿ ಅನ್ನುವ ಭಾಗ ಅಷ್ಟು ಕೊಡಲಾಗದೆ ವೋಲ್ಟೇಜ್ ಬೀಳುತ್ತದೆ, ರಿಮೋಟ್‌ನ ಸಂಕೇತ ಹಿಡಿಯುವ ರಿಸೀವರ್ ಒಂದು ಕ್ಷಣ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಗಾಡಿ ಕಲ್ಲಿನ ಮೇಲೆ ಇದ್ದಕ್ಕಿದ್ದಂತೆ ಸತ್ತುಹೋದ ಹಾಗೆ ಕಾಣುತ್ತದೆ. ಹಾಗಾದರೆ ಸರ್ವೋಗೆ ಬೇರೆಯದೇ ಒಂದು ಬಿಇಸಿ ಹಾಕಿ, ಅದರ ಮೂಲಕ ಬ್ಯಾಟರಿಯಿಂದ ಕರೆಂಟ್ ಕೊಡಿ. ಹಾಕಿದ ಮೇಲೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ಹಿಡಿದು ಕಿವಿಗೊಡಿ. ಗುಂಯ್ ಅಂತ ಕೂಗುತ್ತಲೇ ಇದ್ದರೆ ಚಕ್ರ ತಡೆಗೆ ತಾಗಿದ ಮೇಲೂ ಸರ್ವೋ ತಳ್ಳುತ್ತಿದೆ ಅಂತ ಅರ್ಥ. ಸದ್ದು ನಿಲ್ಲುವವರೆಗೆ ಎಂಡ್ ಪಾಯಿಂಟ್, ಅಂದರೆ ಸರ್ವೋ ತಿರುಗುವ ಮಿತಿ, ಕಡಿಮೆ ಮಾಡಿ. ಇದನ್ನು ಮಾಡದೆ ಸುಟ್ಟ ಸರ್ವೋಗಳನ್ನು ನಾನು ಬೇಕಾದಷ್ಟು ಬಿಚ್ಚಿದ್ದೇನೆ.

ಇನ್ನು ಆ ಕಿರ್ ಕಿರ್. ಇದನ್ನು ಓದಿದ ಮೇಲೆ ಗಾಡಿ ಓಡಿಸಬೇಡಿ, ಮೊದಲು ಅದನ್ನು ಬಿಚ್ಚಿ. ಎರಡು ವರ್ಷದ ಹಿಂದೆ ಜುಲೈನಲ್ಲಿ ಸಿಂಹಗಡದ ಬುಡದ ಹಳ್ಳದಲ್ಲಿ ಗಾಡಿ ಓಡಿಸಿ, ಒರೆಸಿ, ಹಾಗೇ ಚೀಲದಲ್ಲಿಟ್ಟೆ. ಮೂರು ವಾರ ಕೆಲಸ ಜಾಸ್ತಿ ಇತ್ತು, ತೆಗೆಯಲಿಲ್ಲ. ತೆಗೆದಾಗ ಒಂದು ಚಕ್ರ ತಿರುಗಲೇ ಇಲ್ಲ. ಪೋರ್ಟಲ್ ಕವರ್ ಬಿಚ್ಚಿದರೆ ಒಳಗಿನ ಗ್ರೀಸ್ ಒಡೆದ ಮೊಸರಿನ ಹಾಗೆ ಬೆಳ್ಳಗಾಗಿ ನೀರು ಬಿಟ್ಟಿತ್ತು, ಬೇರಿಂಗ್ ಸುತ್ತ ಕೆಂಪು ತುಕ್ಕಿನ ಉಂಗುರ. ಒಟ್ಟು ಎಂಟು ಬೇರಿಂಗ್ ಹೋದವು. ಎಲೆಕ್ಟ್ರಾನಿಕ್ಸ್‌ಗೆ ನೀರು ತಾಗದು ಅಂದ ಮಾತ್ರಕ್ಕೆ ಕಬ್ಬಿಣಕ್ಕೆ ತುಕ್ಕು ಹಿಡಿಯದು ಅಂತಲ್ಲ. ನಿಮ್ಮ ಗಾಡಿಯ ಹಳಬರೂ ಮಳೆಗಾಲದಲ್ಲಿ ಓಡಿಸಿರಬೇಕು.

ಬಿಚ್ಚುವ ಕ್ರಮ ಹೇಳುತ್ತೇನೆ. ಕೆಳಗೆ ಸ್ಟೀಲ್ ತಟ್ಟೆ ಇಟ್ಟುಕೊಳ್ಳಿ. ಚಕ್ರದ ನಟ್ ತೆಗೆದು ಚಕ್ರ ಎಳೆದರೆ ಹೆಕ್ಸ್ ಅನ್ನುವ ಆರು ಮೂಲೆಯ ಬಿಲ್ಲೆ ಕಾಣುತ್ತದೆ, ಅದರ ಹಿಂದೆ ಅಡ್ಡಲಾಗಿ ಸೂಜಿಯಂಥ ಪಿನ್ ಇರುತ್ತದೆ. ಅದು ಬಿದ್ದರೆ ಸಿಗುವುದು ಕಷ್ಟ, ಅದಕ್ಕೇ ತಟ್ಟೆ. ಕವರ್‌ನ ಸ್ಕ್ರೂ ಬಿಚ್ಚಲು ಒಳ್ಳೆ ಸ್ಟೀಲಿನ 2 ಮತ್ತು 2.5 ಮಿ.ಮೀ. ಹೆಕ್ಸ್ ಡ್ರೈವರ್ ಬೇಕೇ ಬೇಕು. ಎಲ್ ಆಕಾರದ ಅಗ್ಗದ ಕೀಲಿ ಹಾಕಿದರೆ ಸ್ಕ್ರೂ ತಲೆ ಸವೆದು ಗುಂಡಗಾಗುತ್ತದೆ. ಒಳಗೆ ಎರಡು ಗೇರು ಕಾಣುತ್ತವೆ. ಅವನ್ನು ಸೀಮೆಎಣ್ಣೆಯಲ್ಲಿ ಹಳೆ ಹಲ್ಲುಜ್ಜುವ ಬ್ರಶ್‌ನಿಂದ ತೊಳೆದು ಒಣಗಿಸಿ. ಬೇರಿಂಗನ್ನು ಬೆರಳ ತುದಿಗೆ ಸಿಕ್ಕಿಸಿ ತಿರುಗಿಸಿ. ಬೆಣ್ಣೆಯಂತೆ ತಿರುಗಿದರೆ ಇಟ್ಟುಕೊಳ್ಳಿ, ಮರಳು ಅರೆದಂತೆ ಅನ್ನಿಸಿದರೆ ಎಸೆಯಿರಿ. ಹಾಳಾದ ಬೇರಿಂಗಿಗೆ ಎಣ್ಣೆ ಬಿಟ್ಟು ಮತ್ತೆ ಹಾಕುವುದರಲ್ಲಿ ಅರ್ಥವಿಲ್ಲ. ಅದು ಅದುರುತ್ತಾ ಗೇರಿನ ಹಲ್ಲನ್ನೂ ತಿನ್ನುತ್ತದೆ.

ಹೊಸದಕ್ಕೆ ವಿದೇಶದಿಂದ ಸೆಟ್ ತರಿಸಬೇಕಿಲ್ಲ. ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಪುಣೆಯ ರವಿವಾರ ಪೇಟೆಯ ಬೋಹ್ರಿ ಆಳಿ ಅನ್ನುವ ಗಲ್ಲಿಗೆ ಹೋಗಿ. ಒಳ ತೂತು, ಹೊರ ಸುತ್ತು, ದಪ್ಪ ಮೂರನ್ನೂ ವರ್ನಿಯರ್‌ನಲ್ಲಿ ಅಳೆದುಕೊಂಡಿರಿ. ಈ ಸೈಜಿನ ಗಾಡಿಗಳಲ್ಲಿ 5, 11, 4 ಮಿ.ಮೀ. ಅಳತೆ ಹೆಚ್ಚು ಕಾಣುತ್ತದೆ, ಅದನ್ನು ಎಂಆರ್ 115 ಅನ್ನುತ್ತಾರೆ. ಕೊನೆಗೆ ಜೆಡ್‌ಜೆಡ್ ಅಂತಿದ್ದರೆ ತಗಡಿನ ಮುಚ್ಚಳ, 2ಆರ್‌ಎಸ್ ಅಂತಿದ್ದರೆ ರಬ್ಬರ್ ಮುಚ್ಚಳ. ನೀರು ಕೆಸರಿಗೆ ರಬ್ಬರಿನದೇ ಕೇಳಿ. ಗೇರಿಗೆ ಗ್ರೀಸ್ ಹಚ್ಚುವಾಗ ಹಲ್ಲು ಮುಚ್ಚುವಷ್ಟು ಸಾಕು, ಡಬ್ಬಿ ತುಂಬಿದಂತೆ ತುಂಬಬೇಡಿ. ಡಬ್ಲ್ಯುಡಿ-40 ನೀರು ಓಡಿಸಲು ಒಳ್ಳೆಯದು, ಆದರೆ ಗ್ರೀಸಿನ ಜಾಗಕ್ಕೆ ಅದು ಬರುವುದಿಲ್ಲ. ಮತ್ತೆ ಜೋಡಿಸುವಾಗ ಲೋಹಕ್ಕೆ ಲೋಹ ಸೇರುವ ಸ್ಕ್ರೂಗೆ ಮಾತ್ರ, ಸಡಿಲವಾಗದಂತೆ ಹಿಡಿಯುವ ನೀಲಿ ಥ್ರೆಡ್‌ಲಾಕ್ ಅಂಟು ಒಂದು ಚುಕ್ಕೆ ಹಾಕಿ. ಪ್ಲಾಸ್ಟಿಕ್‌ಗೆ ತಾಗಿಸಬೇಡಿ, ಕೆಲವು ಪ್ಲಾಸ್ಟಿಕ್ ಬಿರುಕು ಬಿಡುತ್ತದೆ.

ಮೋಟಾರಿಗೆ ಬರೋಣ. ಮೇಲಿನದೆಲ್ಲ ಮಾಡಿದ ಮೇಲೂ ಬಿಸಿ ಕಡಿಮೆ ಆಗದಿದ್ದರೆ ಮೋಟಾರ್ ತುದಿಯ ಚಿಕ್ಕ ಗೇರು, ಅಂದರೆ ಪಿನಿಯನ್, ಒಂದು ಹಲ್ಲು ಕಡಿಮೆ ಇರುವುದನ್ನು ಹಾಕಿ. ಪಿನಿಯನ್ ಮತ್ತು ದೊಡ್ಡ ಗೇರಿನ ನಡುವೆ ಹಾಳೆಯ ಸಣ್ಣ ಪಟ್ಟಿ ಇಟ್ಟು ಒತ್ತಿ, ಮೋಟಾರ್ ಸ್ಕ್ರೂ ಬಿಗಿದು, ಪಟ್ಟಿ ಎಳೆಯಿರಿ. ಅದು ಹರಿಯದೆ, ಮಡಿಕೆ ಮಡಿಕೆಯಾಗಿ ಹೊರಬಂದರೆ ಅಂತರ ಸರಿ ಇದೆ. ನೀರಿಗೆ ಇಳಿಸಿದ ದಿನ ಮೋಟಾರಿನ ಎರಡೂ ತುದಿಯ ಬುಶ್‌ಗೆ ಒಂದೊಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ, ಜಾಸ್ತಿ ಬಿಟ್ಟರೆ ಬ್ರಶ್‌ಗೆ ಇಳಿಯುತ್ತದೆ. ಒಂದು ದಿನ ಮೋಟಾರ್ ಹೋದರೆ ಆಗ 35 ಟರ್ನ್‌ನ 540 ಬ್ರಶ್ ಮೋಟಾರ್ ಹಾಕಿ. ಟರ್ನ್ ಅಂದರೆ ಒಳಗಿನ ತಂತಿಯ ಸುತ್ತು; ಅದು ಜಾಸ್ತಿ ಇದ್ದಷ್ಟೂ ವೇಗ ಕಡಿಮೆ, ನಿಧಾನಗತಿಯ ಹಿಡಿತ ಜಾಸ್ತಿ. ಗಾಡಿ ಹಿಂದಕ್ಕೆ ಓಡಿದರೆ ಎರಡು ತಂತಿ ಅದಲು ಬದಲು ಮಾಡಿದರೆ ಆಯಿತು.

ಶಾಕ್‌ಗಳಿಗೆ ಸದ್ಯ ಕೈ ಹಾಕಬೇಡಿ. ಎಣ್ಣೆ ಸೋರುತ್ತಿದೆಯಾ ಅಷ್ಟೇ ನೋಡಿ.

ಬ್ಯಾಟರಿ ಲಿಪೋ (ಲಿಥಿಯಂ ಪಾಲಿಮರ್) ಆದರೆ ಇಎಸ್‌ಸಿಯಲ್ಲಿ ಲೋ ವೋಲ್ಟೇಜ್ ಕಟ್ (ಚಾರ್ಜ್ ತೀರಾ ಇಳಿಯುವ ಮೊದಲೇ ನಿಲ್ಲಿಸುವುದು) ಆನ್ ಇದೆಯಾ ಖಾತ್ರಿ ಮಾಡಿಕೊಳ್ಳಿ. ಸೆಲ್ಲಿಗೆ 4.2 ವೋಲ್ಟ್ ಮೀರಿ ಚಾರ್ಜ್ ಮಾಡಬಾರದು, ವಾರಗಟ್ಟಲೆ ಇಡುವುದಾದರೆ 3.8ರ ಸುತ್ತ ಇಡಬೇಕು. ಉಬ್ಬಿದ ಬ್ಯಾಟರಿಯನ್ನು ಇನ್ನೊಂದು ಸಲ ನೋಡೋಣ ಅಂತ ಚಾರ್ಜಿಗೆ ಹಾಕಲೇಬೇಡಿ. ಏಪ್ರಿಲ್ ಮೇ ತಿಂಗಳ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಬರಬೇಡಿ. ಕಲ್ಲು ಹತ್ತಲು ದೊಡ್ಡ ಬ್ಯಾಟರಿ ಬೇಕಿಲ್ಲ. 2,200 ಎಂಎಎಚ್‌ನ ಚಿಕ್ಕ 3ಎಸ್ (ಮೂರು ಸೆಲ್ಲಿನ) ಬ್ಯಾಟರಿ ಹಗುರ, ಅದನ್ನು ಆದಷ್ಟು ಮುಂದೆ, ಕೆಳಗೆ ಕಟ್ಟಿ.

ಟೇಕಡಿಯ ಬಗ್ಗೆ ಒಂದು ಕೋರಿಕೆ. ಬೆಳಿಗ್ಗೆ ಅಲ್ಲಿ ವಯಸ್ಸಾದವರು ನಡೆಯಲು ಬರುತ್ತಾರೆ, ಹುಲ್ಲಿನಲ್ಲಿ ನವಿಲು ಇರುತ್ತವೆ. ಕಾಲುದಾರಿ ಬಿಟ್ಟು ಬರಿ ಕಲ್ಲು ಇರುವ ಕಡೆ ಮಾತ್ರ ಓಡಿಸಿ, ಹುಲ್ಲಿಗೆ ಇಳಿಸಬೇಡಿ. ಮನೆಗೆ ಬಂದ ದಿನವೇ ಬ್ರಶ್‌ನಿಂದ ಮುರುಮು ಮಣ್ಣು ಉದುರಿಸಿ, ಟೈರ್ ಹಿಂಡಿ ನೀರು ತೆಗೆಯಿರಿ, ಬಾಡಿ ಬಿಚ್ಚಿ ಫ್ಯಾನ್ ಕೆಳಗೆ ಒಂದು ರಾತ್ರಿ ಬಿಡಿ. ಗುಂಪಿನಲ್ಲಿರುವ ಮುಂಬೈ, ಗೋವಾದವರಿಗೂ ಹೇಳುತ್ತೇನೆ: ಸಮುದ್ರದ ನೀರಿಗೆ ಇಳಿಸಲೇಬೇಡಿ. ಉಪ್ಪು ಒಂದೇ ರಾತ್ರಿಯಲ್ಲಿ ಬೇರಿಂಗ್ ಹಿಡಿದುಬಿಡುತ್ತದೆ.

ಸರ್, ನಿಮ್ಮ ಎಂಟು ಸಾವಿರದಲ್ಲಿ ಮೊದಲು ಡ್ರೈವರ್ ಮತ್ತು ಬೇರಿಂಗ್, ಆಮೇಲೆ ಸರ್ವೋ, ಉಳಿದರೆ ಹಿತ್ತಾಳೆ. ಕ್ಯಾರಿಯರ್ ತೆಗೆಯುವ ಮೊದಲೊಮ್ಮೆ, ತೆಗೆದ ಮೇಲೊಮ್ಮೆ ತೂಗಿ ಎರಡೂ ಅಂಕಿ ಇಲ್ಲಿ ಹಾಕಿ. ಹಿಂದಿನ ಎಡ ಪೋರ್ಟಲ್ ಬಿಚ್ಚಿದಾಗ ಗೇರಿನ ಹಲ್ಲು ಕಾಣುವಂತೆ ಹತ್ತಿರದಿಂದ ಒಂದು ಫೋಟೋನೂ ಹಾಕಿ, ಗೇರು ಉಳಿದಿದೆಯೋ ಇಲ್ಲವೋ ನೋಡಿ ಹೇಳುತ್ತೇನೆ.