ವಾರದ ಸಂಶೋಧನೆಗೆ ಎಷ್ಟು ಕಾಲಂ ಬೇಕು?

ಪ್ರಶ್ನೆ: ಮೇಡಂ, ನಾನು ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದೇನೆ. ಒಟ್ಟೊಟ್ಟಿಗೆ ಮೂರು ಕೆಲಸ ನಡೆಯುತ್ತಿವೆ. ಒಂದು ಪ್ರಯೋಗ, ಒಂದು ರಿವ್ಯೂ ಪೇಪರ್, ಸಹಪಾಠಿಯ ಜೊತೆ ಒಂದು ಸರ್ವೆ. ವಾರವಾರದ ಕೆಲಸ ಬರೆದಿಡೋಣ ಅಂತ ಎಕ್ಸೆಲ್ ಶೀಟ್ ಮಾಡಿಕೊಂಡೆ. 22 ಕಾಲಂ ಇವೆ, ಬಣ್ಣಗಳೂ ಇವೆ. ಮೂರು ವಾರ ತುಂಬಿದೆ, ಆಮೇಲೆ ತೆರೆಯಲೇ ಇಲ್ಲ. ಈಗ ತೆರೆಯೋಕೇ ಭಯ. ನನಗೆ ಶಿಸ್ತು ಇಲ್ವಾ, ಇಲ್ಲ ಶೀಟೇ ಸರಿ ಇಲ್ವಾ?

ಉತ್ತರ: ಶೀಟೇ ಸರಿ ಇಲ್ಲ. ಪ್ರಯೋಗ ಮುಗಿಸಿ, ಕಣ್ಣು ಸೋತು, ಶುಕ್ರವಾರ ಸಂಜೆ ಕೂತವರು ಒಂದೊಂದು ಕೆಲಸಕ್ಕೂ 22 ಸೆಲ್ ತುಂಬುವುದಿಲ್ಲ. ಯಾರೂ ತುಂಬುವುದಿಲ್ಲ.

ಏಳು ಕಾಲಂ ಸಾಕು. ವಾರ, ಯಾವ ಕೆಲಸ, ವಾರದ ಕೊನೆಗೆ ಕೈಗೆ ಏನು ಸಿಗಬೇಕು, ಅಂದಾಜು ಗಂಟೆ, ನಿಜವಾಗಿ ಹಿಡಿದ ಗಂಟೆ, ಸ್ಥಿತಿ, ಏನಾಯಿತು ಅನ್ನುವ ಒಂದು ವಾಕ್ಯ. ವಾರಕ್ಕೆ 'ವಾರ 14' ಅಂತ ನಂಬರ್ ಹಾಕಬೇಡಿ, ಸೋಮವಾರದ ತಾರೀಕು ಹಾಕಿ. ಎಕ್ಸೆಲ್‌ನಲ್ಲಿ ವಾರದ ನಂಬರ್ ಲೆಕ್ಕ ಹಾಕಲು ಬೇರೆ ಬೇರೆ ಫಾರ್ಮುಲಾ ಇವೆ. ಒಂದು ಜನವರಿ 1 ಇರುವ ವಾರವನ್ನೇ ಮೊದಲ ವಾರ ಅನ್ನುತ್ತದೆ, ಇನ್ನೊಂದು ವರ್ಷದ ಮೊದಲ ಗುರುವಾರ ಇರುವ ವಾರವನ್ನು. ವರ್ಷ ಬದಲಾಗುವಾಗ ಇವೆರಡು ಬೇರೆ ಬೇರೆ ಉತ್ತರ ಕೊಟ್ಟು ತಲೆ ಕೆಡಿಸುತ್ತವೆ.

ಇದರಲ್ಲಿ ಮುಖ್ಯವಾದದ್ದು ಮೂರನೇ ಕಾಲಂ, 'ಕೈಗೆ ಏನು ಸಿಗಬೇಕು' ಅನ್ನುವುದು. ನಿಮ್ಮ ಶೀಟ್‌ನಲ್ಲಿ 'ಲಿಟರೇಚರ್ ಓದುವುದು' ಅಂತ ಒಂದು ಸಾಲು ಖಂಡಿತ ಇರುತ್ತದೆ. ಅದು ಎಂದಾದರೂ ಮುಗಿಯುತ್ತದಾ? ಮುಗಿಯದ ಸಾಲನ್ನು ವಾರವಾರ ನೋಡಿದರೆ ಭಯ ಆಗದೇ ಇನ್ನೇನಾಗುತ್ತದೆ! ಅದರ ಬದಲು ಹೀಗೆ ಬರೆಯಿರಿ: 'ಈ ಐದು ಪೇಪರ್‌ಗಳಲ್ಲಿ ತಾಪಮಾನವನ್ನು ಹೇಗೆ ಅಳೆದಿದ್ದಾರೆ ಅನ್ನುವ ಒಂದು ಟೇಬಲ್.' ಶುಕ್ರವಾರ ಆ ಟೇಬಲ್ ಇರುತ್ತದೆ, ಇಲ್ಲವೇ ಇರುವುದಿಲ್ಲ. ಹೌದು ಅಥವಾ ಇಲ್ಲ ಅಂತ ಉತ್ತರ ಕೊಡಲು ಬರುವಂತೆ ಬರೆದದ್ದು ಮಾತ್ರ ವಾರದ ಕೆಲಸ. ಮಿಕ್ಕದ್ದೆಲ್ಲ ಇನ್ನೊಂದು ಟ್ಯಾಬ್‌ನಲ್ಲಿ ಬಿದ್ದಿರಲಿ, ಅದಕ್ಕೆ ತಾರೀಕು ಬೇಡ.

ಇನ್ನು ಗಂಟೆಗಳ ವಿಷಯ. ಅಂದಾಜು ಬರೆಯಲು ಮುಜುಗರ ಆಗುತ್ತದೆ, ಗೊತ್ತು. ಆದರೂ ಬರೆಯಿರಿ, ಯಾಕೆಂದರೆ ನಮ್ಮ ಅಂದಾಜು ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲೇ ಇದಕ್ಕೊಂದು ಹೆಸರು ಕೊಟ್ಟರು, 'ಪ್ಲ್ಯಾನಿಂಗ್ ಫ್ಯಾಲಸಿ' ಅಂತ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಥೀಸಿಸ್ ಬರೆಯುತ್ತಿದ್ದ 37 ಮನಶ್ಶಾಸ್ತ್ರ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕು ಅಂತ ಕೇಳಿದರು. ಸರಾಸರಿ 34 ದಿನ ಅಂದರು. ಎಲ್ಲವೂ ಕೆಟ್ಟರೆ ಎಷ್ಟು ಅಂದಾಗ ಸುಮಾರು 49 ದಿನ ಅಂದರು. ನಿಜವಾಗಿ ಹಿಡಿದದ್ದು 55ಕ್ಕಿಂತ ಜಾಸ್ತಿ! ಎಲ್ಲವೂ ಕೆಟ್ಟರೆ ಅಂತ ಹೇಳಿದ್ದನ್ನೂ ದಾಟಿ ಹೋಯಿತು. ಅವರೇನೂ ಸೋಮಾರಿಗಳಲ್ಲ, ನೀವೂ ಅಲ್ಲ.

ಹಾಗಾಗಿ ಎಂಟು ವಾರ ತುಂಬಿದ ಮೇಲೆ ಎರಡೂ ಕಾಲಂ ಬೇರೆ ಬೇರೆಯಾಗಿ ಕೂಡಿಸಿ, ನಿಜವಾದ ಗಂಟೆಯನ್ನು ಅಂದಾಜು ಗಂಟೆಯಿಂದ ಭಾಗಿಸಿ. 1.8 ಬಂತು ಅಂದುಕೊಳ್ಳಿ. ಮುಂದಿನ ವಾರದಿಂದ ನೀವು 5 ಗಂಟೆ ಅಂದುಕೊಂಡದ್ದಕ್ಕೆ 9 ಗಂಟೆ ಎತ್ತಿಡಿ. ಸಾಧ್ಯವಾದರೆ ಮೂರೂ ಕೆಲಸಕ್ಕೆ ಬೇರೆ ಬೇರೆ ಲೆಕ್ಕ ಹಾಕಿ. ಪ್ರಯೋಗದ ಅಂದಾಜು ಪರವಾಗಿಲ್ಲ ಅನ್ನಿಸಬಹುದು, ಬರವಣಿಗೆಯದ್ದು ಬೆಚ್ಚಿಬೀಳಿಸಬಹುದು.

ಕೊನೆಯ ಕಾಲಂ ಬಿಡಬೇಡಿ. ನನ್ನ ಹಳೆಯ ಶೀಟ್‌ನಲ್ಲಿ ಒಂದು ಸಾಲಿದೆ: 'ಚಿತ್ರ 3 ಮತ್ತೆ ಬಿಡಿಸುವುದು, ಅಂದಾಜು 2, ನಿಜ 9.' ಪಕ್ಕದಲ್ಲಿ, 'ಯಾವ ಡೇಟಾ ಫೈಲ್‌ನಿಂದ ಬಿಡಿಸಿದ್ದೆ ಅಂತ ಗೊತ್ತಾಗಲಿಲ್ಲ, ಹುಡುಕಲು 6 ಗಂಟೆ.' ಆ ಒಂದು ವಾಕ್ಯ ಇಲ್ಲದಿದ್ದರೆ ಗ್ರಾಫ್ ಬಿಡಿಸೋದು ನನಗೆ ನಿಧಾನ ಅಂತಲೇ ನಂಬಿಕೊಂಡಿರುತ್ತಿದ್ದೆ. ತೊಂದರೆ ಇದ್ದದ್ದು ಫೈಲ್‌ಗೆ ಹೆಸರಿಡುವುದರಲ್ಲಿ. ಅವತ್ತಿನಿಂದ ಪ್ರತಿ ಚಿತ್ರದ ಸಾಲಿನಲ್ಲೂ ಫೈಲ್ ಹೆಸರು ಬರೆಯುತ್ತೇನೆ.

ಮುಗಿಯದ ಸಾಲಿನ ತಾರೀಕು ತಿದ್ದಿ ಮುಂದೆ ತಳ್ಳಬೇಡಿ. ಸ್ಥಿತಿಯಲ್ಲಿ 'ಮುಂದಕ್ಕೆ' ಅಂತ ಹಾಕಿ, ಹೊಸ ವಾರಕ್ಕೆ ಹೊಸ ಸಾಲು ಬರೆಯಿರಿ. ಒಂದೇ ಕೆಲಸ ಮೂರು ಸಲ ಮುಂದಕ್ಕೆ ಹೋಗಿದ್ದರೆ, ಅದು ಒಂದು ವಾರಕ್ಕೆ ತೀರಾ ದೊಡ್ಡದು, ಇಲ್ಲವೇ ಬೇರೆ ಯಾರಿಗೋ ಕಾಯುತ್ತಿದೆ. ಮೆಷಿನ್ ಬುಕಿಂಗ್, ಅನುಮತಿ ಪತ್ರ, ಗೈಡ್ ಓದಿ ಕೊಡಬೇಕಾದ ಡ್ರಾಫ್ಟ್, ಇವಕ್ಕೆಲ್ಲ 'ಕಾಯುತ್ತಿದೆ' ಅನ್ನುವ ಬೇರೆ ಸ್ಥಿತಿ ಇಟ್ಟುಕೊಳ್ಳಿ. ಅದು ನಿಮ್ಮ ತಪ್ಪಲ್ಲ ಅಂತ ಶೀಟ್‌ನಲ್ಲೇ ಕಾಣಲಿ. ಸ್ಥಿತಿಗೆ ಡ್ರಾಪ್‌ಡೌನ್ ಹಾಕಿಕೊಳ್ಳಿ, ಅಂದರೆ ಟೈಪ್ ಮಾಡದೆ ಪಟ್ಟಿಯಿಂದ ಆರಿಸುವಂತೆ. ಒಮ್ಮೆ 'ಮುಗಿದಿದೆ', ಇನ್ನೊಮ್ಮೆ 'ಮುಗೀತು' ಅಂತ ಬರೆದರೆ ಫಿಲ್ಟರ್‌ಗೆ ಅವು ಎರಡು ಬೇರೆ ಬೇರೆ.

ಆ ಮೂರು ವಾರದ ಹಳೆಯ ಶೀಟ್ ಅಳಿಸಬೇಡಿ. ಹಾಗೇ ಇರಲಿ. ಹೊಸ ಟ್ಯಾಬ್‌ನಲ್ಲಿ ಈ ಸೋಮವಾರದಿಂದ ಶುರು ಮಾಡಿ, ಮಧ್ಯದ ವಾರಗಳನ್ನು ನೆನಪಿನಿಂದ ತುಂಬಲು ಹೋಗಬೇಡಿ.

ಪ್ರಶ್ನೆ: 12 ಸ್ಯಾಂಪಲ್‌ಗಳಲ್ಲಿ 5 ಮುಗಿದವು ಅಂತ 5/12 ಎಂದು ಟೈಪ್ ಮಾಡಿದೆ. ಅದು ತಾರೀಕಾಯಿತು. ಟೆಕ್ಸ್ಟ್‌ಗೆ ಬದಲಾಯಿಸಿದರೆ 45631 ಅಂತ ತೋರಿಸುತ್ತಿದೆ. ಇದೆಲ್ಲಿಂದ ಬಂತು?

ಉತ್ತರ: ಅದು 2024ರ ಡಿಸೆಂಬರ್ 5. ಎಕ್ಸೆಲ್ ತಾರೀಕನ್ನು ದಿನಗಳ ಎಣಿಕೆಯಾಗಿ ಇಟ್ಟುಕೊಳ್ಳುತ್ತದೆ, 1900ರ ಜನವರಿ 1 ಅದಕ್ಕೆ ಒಂದನೇ ದಿನ. ನೀವು ವರ್ಷ ಹೇಳಲಿಲ್ಲ, ಟೈಪ್ ಮಾಡಿದ ವರ್ಷವನ್ನೇ ಅದು ಸೇರಿಸಿಕೊಂಡಿತು. ಆಮೇಲೆ ಫಾರ್ಮ್ಯಾಟ್ ಬದಲಾಯಿಸಿದರೆ ನಿಮ್ಮ 5/12 ವಾಪಸ್ ಬರುವುದಿಲ್ಲ, ಟೈಪ್ ಮಾಡುವ ಮೊದಲೇ ಸೆಲ್ ಅನ್ನು ಟೆಕ್ಸ್ಟ್ ಮಾಡಿರಬೇಕು. ಅದಕ್ಕಿಂತ ಒಳ್ಳೆಯದು, 'ಮುಗಿದದ್ದು' ಒಂದು ಕಾಲಂ, 'ಒಟ್ಟು' ಇನ್ನೊಂದು ಕಾಲಂ. ಕೂಡಿಸಲೂ ಬರುತ್ತದೆ, ಅಲ್ವಾ?

ನಿಮಗೊಬ್ಬರಿಗೇ ಆದದ್ದಲ್ಲ ಇದು. 'ಮಾರ್ಚ್1', 'ಸೆಪ್ಟ್2' ಅಂತ ಹೆಸರಿದ್ದ ಮನುಷ್ಯರ ಜೀನ್‌ಗಳನ್ನು ಎಕ್ಸೆಲ್ ಎಷ್ಟು ಸಲ ತಾರೀಕು ಮಾಡಿತೆಂದರೆ, ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಆ ಹೆಸರುಗಳನ್ನು ಬದಲಾಯಿಸಿತು. 2020ರಲ್ಲಿ ಅದು ದೊಡ್ಡ ಸುದ್ದಿಯೂ ಆಯಿತು. 2023ರಲ್ಲಿ ಮೈಕ್ರೋಸಾಫ್ಟ್ ಹೀಗೆ ಅಕ್ಷರ, ಅಂಕಿ ಒಟ್ಟಿಗಿರುವ ಹೆಸರು ತಾರೀಕಾಗುವುದನ್ನು ನಿಲ್ಲಿಸುವ ಸೆಟ್ಟಿಂಗ್ ಕೊಟ್ಟಿತು, 5/12 ಥರದ್ದಕ್ಕಲ್ಲ. ನಿಮ್ಮ ಆವೃತ್ತಿ ಹೊಸದಾಗಿದ್ದರೆ ಆಪ್ಷನ್ಸ್‌ನಲ್ಲಿ ಡೇಟಾ ಅನ್ನುವ ಜಾಗದಲ್ಲಿ ನೋಡಿ.

ಪ್ರಶ್ನೆ: ನನ್ನ ವಾರದ ಶೀಟ್ ಹಂಚಿಕೊಳ್ಳಲು ಗೈಡ್ ಹೇಳಿದ್ದಾರೆ. ಗಂಟೆಗಳನ್ನೂ ತೋರಿಸಬೇಕಾ?

ಉತ್ತರ: ಬೇಡ. ಯಾರೋ ನೋಡುತ್ತಾರೆ ಅಂತ ಗೊತ್ತಾದ ಕ್ಷಣ ನೀವು 9ರ ಜಾಗದಲ್ಲಿ 6 ಬರೆಯುತ್ತೀರಿ, ಅಲ್ಲಿಗೆ ಆ ಕಾಲಂ ಸುಮ್ನೆ ತುಂಬಿದ ಹಾಗೆ. ಗಂಟೆಗಳ ಶೀಟ್ ನಿಮ್ಮ ಬಳಿಯೇ ಇರಲಿ. ಇನ್ನೊಂದು ಫೈಲ್‌ನಲ್ಲಿ ವಾರ, ಕೈಗೆ ಸಿಕ್ಕಿದ್ದು, 'ಕಾಯುತ್ತಿದೆ' ಸಾಲುಗಳು, ಇಷ್ಟು ಮಾತ್ರ ಕೊಡಿ. ಅದೇ ಫೈಲ್‌ನಲ್ಲಿ ಕಾಲಂ ಮರೆಮಾಡಿ ಕೊಡುವುದು ಬೇಡ, ಮರೆಮಾಡಿದ್ದನ್ನು ತೆರೆಯುವುದು ಸುಲಭ. 'ಕಾಯುತ್ತಿದೆ' ಸಾಲುಗಳನ್ನು ಮೇಲೆ ಇಡಿ. ಗೈಡ್ ಮಾಡಬಹುದಾದ ಸಹಾಯ ಇರುವುದು ಅಲ್ಲೇ.

ಪ್ರಶ್ನೆ: ಎಕ್ಸೆಲ್, ಗೂಗಲ್ ಶೀಟ್ಸ್, ಲಿಬ್ರೆಆಫೀಸ್, ಯಾವುದು ಒಳ್ಳೆಯದು?

ಉತ್ತರ: ಈ ಕೆಲಸಕ್ಕೆ ಮೂರೂ ಒಂದೇ. ಇಬ್ಬರು ಸೇರಿ ತುಂಬುವುದಾದರೆ ಗೂಗಲ್ ಶೀಟ್ಸ್ ಅನುಕೂಲ, ಯಾರು ಯಾವಾಗ ಏನು ಬದಲಾಯಿಸಿದರು ಅಂತ ನೋಡಬಹುದು. ನೆಟ್ ಇಲ್ಲದ ಕಡೆ ಕೆಲಸ ಮಾಡುತ್ತೀರಿ, ದುಡ್ಡೂ ಕೊಡಬಾರದು ಅಂದರೆ ಲಿಬ್ರೆಆಫೀಸ್. ಈಗ ತುಂಬುತ್ತಿರುವ ಶೀಟ್ ಯಾವುದರಲ್ಲಿದೆಯೋ ಅದರಲ್ಲೇ ಇರಿ.