ಅಪ್ಪ ಸೇದುತ್ತಾರೆ, ಮಗನಿಗೆ ಬೇಡ ಅನ್ನೋದು ಹೇಗೆ?

(ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದ ಒಂದು ಕುಟುಂಬದ ಕಥೆ ಇದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಹುಡುಗನಿಗೆ 15 ವರ್ಷ. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಹೈಸ್ಕೂಲು. ಅಪ್ಪ ಅಮ್ಮ ಮೆಕ್ಸಿಕೋದಿಂದ ಬಂದವರು. ಶಾಲೆಯ ಟಾಯ್ಲೆಟ್‌ನಲ್ಲಿ ಸಿಗರೇಟು ಸೇದುವಾಗ ಸಿಕ್ಕಿಬಿದ್ದ. ಮೂರು ದಿನ ಶಾಲೆಗೆ ಬರಬೇಡ ಅಂದರು.

ಅಮೆರಿಕದಲ್ಲಿ 2019ರ ಡಿಸೆಂಬರ್‌ನಿಂದ 21 ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಇವನಿಗೆ ತಂದುಕೊಡುತ್ತಿದ್ದವನು ಚಿಕ್ಕಪ್ಪನ ಮಗ, 22ರವನು. ಆ ಮೂರು ದಿನವೂ ಹಿರಿಯರು ಕೆಲಸಕ್ಕೆ ಹೋದಮೇಲೆ ಅವನು ಮನೆಗೆ ಬಂದಿದ್ದ. ಶಿಕ್ಷೆಯಿಂದ ಸೇದೋಕೆ ಬಿಡುವು ಸಿಕ್ಕಂತಾಯಿತು, ಅಷ್ಟೇ.

ಶಾಲೆಯ ಪತ್ರ ಇಂಗ್ಲಿಷಿನಲ್ಲಿತ್ತು. ಅಮ್ಮನಿಗೆ ಓದಿ ಹೇಳಿದ್ದು ಮಗನೇ! "ತಡವಾಗಿ ಹೋದೆ ಅಂತ ಬರೆದಿದ್ದಾರೆ" ಅಂದಿದ್ದ. ಹಾಗಾಗಿ ಮೊದಲು ಸ್ಪ್ಯಾನಿಷ್ ಬಲ್ಲ ದುಭಾಷಿಯನ್ನು ಕರೆಸಿದೆ. ಇಂಥ ಎಷ್ಟೋ ಮನೆಗಳಲ್ಲಿ ಬ್ಯಾಂಕು, ಆಸ್ಪತ್ರೆ, ಶಾಲೆ ಎಲ್ಲ ಕಡೆ ಹಿರಿಯರ ಪರವಾಗಿ ಮಾತಾಡುವವರು ಮಕ್ಕಳೇ. ಆ ಹೊರೆ ಈ ವಿಷಯದಲ್ಲಾದರೂ ಅವನ ಮೇಲೆ ಬೀಳಬಾರದು.

ಅಪ್ಪ ಕಟ್ಟಡ ಕೆಲಸದಿಂದ ನೇರ ಬಂದಿದ್ದರು. ಬೂಟಿನ ತುಂಬ ಸಿಮೆಂಟು, ಅಂಗಿ ಜೇಬಲ್ಲಿ ಸಿಗರೇಟು ಪ್ಯಾಕು. "ನಾನೇ ಸೇದ್ತೀನಿ. ಯಾವ ಮುಖ ಇಟ್ಕೊಂಡು ಅವನಿಗೆ ಬೇಡ ಅನ್ನಲಿ?" ಅಂದರು. ಇಡೀ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಈ ಮಾತು. ಸೇದುವ ಅಪ್ಪನೂ ಬೇಡ ಅನ್ನಬಹುದು, ಅನ್ನಲೇಬೇಕು. ಸುಮ್ನಿದ್ದರೆ ಮಕ್ಕಳು ಒಪ್ಪಿಗೆ ಅಂದುಕೊಳ್ಳುತ್ತಾರೆ. "'ಬಿಡೋಕೆ ನನ್ನ ಕೈಲಿ ಆಗ್ತಿಲ್ಲ, ನೀನು ಇದಕ್ಕೆ ಸಿಕ್ಕಿಬೀಳಬೇಡ ಮಿಹೋ (ಮಗನೇ)' ಅಂತ ನಿಮ್ಮ ಬಾಯಲ್ಲೇ ಹೇಳಿ" ಅಂದೆ. ಮನೆಯೊಳಗೆ, ಕಾರಿನಲ್ಲಿ ಯಾರೂ ಸೇದಬಾರದು, ನೆಂಟರೂ ಸೇರಿ. ಪ್ಯಾಕು ಮೇಜಿನ ಮೇಲೆ ಬಿದ್ದಿರಬಾರದು. ಬಿಡುವವರಿಗೆ ಸ್ಪ್ಯಾನಿಷ್‌ನಲ್ಲೇ ಉಚಿತವಾಗಿ ನೆರವು ಕೊಡುವ 1-855-335-3569 ನಂಬರನ್ನು ಅವರ ಫೋನಿನಲ್ಲಿ ಹಾಕಿಸಿದೆ.

ಹುಡುಗನ ಜೊತೆ ಬೇರೆಯಾಗಿ ಕೂತೆ. ಅಣ್ಣನ ಸಹವಾಸ ಬಿಡು ಅನ್ನಲಿಲ್ಲ. ಭಾನುವಾರದ ಊಟಕ್ಕೆ ಎಲ್ಲರೂ ಒಂದೆಡೆ ಸೇರುವ ಮನೆ ಅದು, ಆಗದ ಮಾತು ಅಲ್ವಾ? "ಆಡುವಾಗ ಉಸಿರು ಸಾಲ್ತಿಲ್ಲ, ನಂಗೆ ಬೇಡ." ಇಷ್ಟನ್ನೇ ಜೋರಾಗಿ ಹೇಳಿ ಅಭ್ಯಾಸ ಮಾಡಿಸಿದೆ. ಸೇದಬೇಕು ಅನ್ನುವ ತವಕ ಕೆಲವೇ ನಿಮಿಷ ಜಾಸ್ತಿ ಇರುತ್ತೆ. ಅಷ್ಟು ಹೊತ್ತು ನೀರು ಕುಡಿ, ಎದ್ದು ಓಡಾಡು ಅಂದೆ. ಮೊದಲ ದಿನಗಳಲ್ಲಿ ಸಿಡುಕು ಇರುತ್ತೆ, ಬೈಯಬೇಡಿ ಅಂತ ಅಮ್ಮನಿಗೂ ಹೇಳಿದೆ.

ಶಾಲೆಯವರಲ್ಲಿ ಒಂದೇ ಕೋರಿಕೆ: ಮತ್ತೆ ಸಿಕ್ಕಿಬಿದ್ದರೆ ಮನೆಗೆ ಅಟ್ಟಬೇಡಿ, ನನ್ನ ಹತ್ತಿರ ಕಳಿಸಿ. ಇನ್ನು ಉಳಿದಿರುವುದು ಆ ಅಣ್ಣ. ತಾವೇ ಮಾತಾಡುವುದಾಗಿ ಅಪ್ಪ ಹೇಳಿದ್ದಾರೆ. ಮುಂದಿನ ಭೇಟಿಗೆ ಅವನನ್ನೂ ಕರೆದುಕೊಂಡು ಬನ್ನಿ ಅಂದಿದ್ದೇನೆ.